ವಾಪಸು ಬಂದ ಕಂಬಳಿ

ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸುವಾಗ ಬರುವ ವಾಸನೆಯನ್ನು ಯಾರೂ ಪರಿಮಳ ಎನ್ನಲಾರರು. ಹಸಿಹಸಿ, ಸ್ವಲ್ಪ ಕಮಟು. ಮೂಗಿನ ಬುಡದಲ್ಲಿ ಕೂತರೆ ಏಳುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಶಿರಾಳಕೊಪ್ಪಕ್ಕೆ ಹೋಗಿದ್ದೆವು. ಪೇಟೆಯ ಹಿಂದಿನ ಓಣಿಯಲ್ಲಿ ಯಾರದೋ ಹಿತ್ತಲಿನಿಂದ ಆ ವಾಸನೆ ಬಂತು. ನಾನು ನಿಂತುಬಿಟ್ಟೆ. ಸೊಸೆ ಹೆದರಿ, "ಏನತ್ತೆ, ತಲೆ ಸುತ್ತುತ್ತಾ?" ಎಂದು ಕೈ ಹಿಡಿದಳು. ತಲೆ ಸುತ್ತಿರಲಿಲ್ಲ. ಯಾರೋ ಇನ್ನೂ ಕಂಬಳಿಯ ನೂಲಿಗೆ ಗಂಜಿ ಹಚ್ಚುತ್ತಿದ್ದಾರೆ ಎಂದು ಖುಷಿಯಾಗಿತ್ತು. ಆ ವಾಸನೆ ಒಂದು ಶ್ರಾವಣದಲ್ಲಿ ನನ್ನ ಕೈಬಳೆ ಉಳಿಸಿತ್ತು ಎಂದರೆ ಸೀರೆ ಅಂಗಡಿಯ ಬಾಗಿಲಲ್ಲಿ ಅವಳು ನಂಬುತ್ತಾಳೆಯೇ? ಬಾ ಎಂದು ಒಳಗೆ ಕರೆದುಕೊಂಡು ಹೋದೆ.

ಹೊಸ ಪೈಸೆ ಬಂದ ಮರುವರ್ಷದ ಮಾತು. ನನ್ನ ತವರು ಸೊರಬದ ಕಡೆ, ಕೊಟ್ಟದ್ದು ತೊಗರ್ಸಿಯ ಹತ್ತಿರದ ಒಂದು ಹಳ್ಳಿಗೆ. ಮಹಾ ದೂರವೇನಲ್ಲ, ಎತ್ತಿನ ಗಾಡಿಯಲ್ಲಿ ಒಂದು ಹಗಲು. ಆದರೆ ಮಾತೇ ಬೇರೆ. ನಾನು "ಎಂತದು" ಎಂದರೆ ಸಾಕು, ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾವ ಬೀರಪ್ಪನವರಿಗೆ ಸ್ವಲ್ಪ ಹೊಲ, ಒಂದು ಮಂದೆ ಕುರಿ, ಪಡಸಾಲೆಯ ಮೂಲೆಯಲ್ಲಿ ಒಂದು ಗುಂಡಿ ಮಗ್ಗ. ಅತ್ತೆಯ ಹೆಸರು ಗಂಗವ್ವ. ಅತ್ತೆ ಮಾತಾಡಿದರೆ ಮಗ್ಗ ಕೂಡ ನಿಲ್ಲುತ್ತಿತ್ತು.

ನಮ್ಮವರ ಹೆಸರನ್ನು ಇವತ್ತಿಗೂ ಬಾಯಲ್ಲಿ ಹೇಳುವವಳಲ್ಲ ನಾನು. ಬರೆಯುವುದಕ್ಕೆ ಅಡ್ಡಿಯಿಲ್ಲ. ಸಿದ್ದಪ್ಪ. ಕುರಿ ಮಾರಲು ಶಿವಮೊಗ್ಗಕ್ಕೆ ಹೋದವರು ಅಲ್ಲಿ ಮೈದಾನದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎದೆ ಅಳೆಯುತ್ತಿದ್ದುದನ್ನು ಕಂಡು, ನನ್ನದೂ ಎಷ್ಟಿದೆ ನೋಡೋಣ ಎಂದು ತಮಾಷೆಗೆ ನಿಂತರಂತೆ. ಕುರಿ ಮಾರಾಟವಾಗದೆ ಮನೆಗೆ ಬಂದವು, ಮಾರಲು ಹೋದವರು ಮಿಲಿಟ್ರಿ ಸೇರಿದರು. ಮದುವೆಗೆಂದು ರಜೆ ಹಾಕಿ ಬಂದು, ಇಪ್ಪತ್ತೆರಡು ದಿನ ಇದ್ದು, ಪೆಟ್ಟಿಗೆ ಹೊತ್ತು ಹೋದರು. ಆ ಇಪ್ಪತ್ತೆರಡರಲ್ಲಿ ಹತ್ತು ದಿನ ನೆಂಟರ ಮನೆ ಊಟಕ್ಕೆ ಹೋಯಿತು, ಮೂರು ದಿನ ಕುರಿಗೆ ಕಾಯಿಲೆ. ಉಳಿದ ದಿನಗಳಲ್ಲಿ ಮನುಷ್ಯನ ಮುಖ ಗುರುತಾಗುವಷ್ಟು ನೋಡಿದ್ದೆ ಅಷ್ಟೆ.

ಆಮೇಲೆ ಇದ್ದದ್ದು ಕಾಗದಗಳು. ನಮ್ಮ ಮನೆಯಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಹಾಗಾಗಿ ಬಂದ ಕಾಗದವನ್ನು ಸಂತೆಯ ದಿನ ಶಿರಾಳಕೊಪ್ಪಕ್ಕೆ ಒಯ್ಯುವುದು. ಎರಡು ಹರದಾರಿ ದಾರಿ, ಬೆಳಗಿನ ತಂಪಿನಲ್ಲಿ ಹೊರಟರೆ ಬಿಸಿಲೇರುವ ಹೊತ್ತಿಗೆ ಮುಟ್ಟುವಷ್ಟು. ಅಲ್ಲಿ ದರ್ಜಿ ಮಸ್ತಾನ್ ಸಾಬರು ಓದಿ ಹೇಳುತ್ತಿದ್ದರು. ಅವರು ಹಿಂದೆ ದೊಡ್ಡ ಯುದ್ಧದ ಕಾಲದಲ್ಲಿ ಪಲ್ಟನ್ನಿನ ದರ್ಜಿಯಾಗಿ ಬರ್ಮಾ ತನಕ ಹೋಗಿಬಂದವರು. ಕನ್ನಡ, ಉರ್ದು, ವಿಳಾಸ ಬರೆಯುವಷ್ಟು ಇಂಗ್ಲಿಷ್ ಎಲ್ಲ ಬರುತ್ತಿತ್ತು. ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿ, ಪುರಾಣ ಓದುವವರ ಹಾಗೆ ರಾಗವಾಗಿ ಓದುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳೂ ಕೂತು ಕೇಳುತ್ತಿದ್ದರು.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನನಗೆ ಓದು ಬರುತ್ತಿತ್ತು. ತವರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಗಾಡಿ ಹತ್ತುವಾಗ ಅವ್ವ ಕಿವಿಯಲ್ಲಿ, "ಓದ್ತೀನಿ ಬರೀತೀನಿ ಅಂತ ಅಲ್ಲಿ ಎಂತಕ್ಕೂ ಬಾಯಿ ಬಿಡಬೇಡ ಮಾರಾಯ್ತಿ, ಸೊಕ್ಕು ಅಂತಾರೆ" ಎಂದಿದ್ದಳು. ಬಿಡಲಿಲ್ಲ. ಮಾವ ಕಾಗದಗಳನ್ನು ಮಾಡಿನ ಹಂಚಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದನ್ನೇ ಇಳಿಸಿ ಓದಿಕೊಳ್ಳುತ್ತಿದ್ದೆ. ಓದಿದರೆ ಸಿಟ್ಟೇ ಬರುತ್ತಿತ್ತು. ತಂದೆಯವರಿಗೆ ಸಾಷ್ಟಾಂಗ, ತಾಯಿಯವರಿಗೆ ನಮಸ್ಕಾರ, ಚಿಕ್ಕಪ್ಪನವರಿಗೆ, ಪಕ್ಕದ ಮನೆಯ ದ್ಯಾಮವ್ವನಿಗೆ, ಕೊನೆಗೆ ಕೆಂಚನಿಗೆ ಸರಿಯಾಗಿ ಅನ್ನ ಹಾಕುತ್ತಿದ್ದೀರಾ ಎಂಬ ಪ್ರಶ್ನೆ. ಕೆಂಚ ನಮ್ಮ ನಾಯಿ. ನಾಯಿಯ ಹೆಸರಿತ್ತು, ನನ್ನದಿರಲಿಲ್ಲ. ಹತ್ತು ಜನರ ಮುಂದೆ ಓದುವ ಕಾಗದದಲ್ಲಿ ಹೆಂಡತಿಯ ಹೆಸರು ಬರೆಯುವ ಪದ್ಧತಿ ಇರಲಿಲ್ಲ, ಅದು ನನಗೂ ಗೊತ್ತು. ಗೊತ್ತಿದ್ದರೂ ಆ ವರ್ಷವೆಲ್ಲ ಕೆಂಚನ ಮೇಲೆ ನನಗೊಂದು ಹೊಟ್ಟೆಕಿಚ್ಚು ಇತ್ತು.

ಮದುವೆಯಾದ ಮರುವರ್ಷ ಬೇಸಿಗೆಯಲ್ಲಿ ಬಂದ ಕಾಗದ ಮಾತ್ರ ಬೇರೆ ಥರ ಇತ್ತು. ಉತ್ತರದ ಗುಡ್ಡಗಳಲ್ಲಿ ಇದ್ದೇವೆ, ಥಂಡಿ ವಿಪರೀತ, ಸರ್ಕಾರದ ಕಂಬಳಿ ಮೆತ್ತಗಿದೆ, ಚುಚ್ಚುವುದಿಲ್ಲ, ಚುಚ್ಚದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ, ನಮ್ಮ ಮನೆಯದೊಂದು ಕಂಬಳಿ ಕಳಿಸಿ. ಅಷ್ಟು ಓದಿ ಮಸ್ತಾನ್ ಸಾಬರು ತಡೆದು, ಕನ್ನಡಕದ ಮೇಲಿಂದ ನನ್ನ ಕಡೆ ನೋಡಿ, ಮುಂದಿನ ಸಾಲನ್ನು ಬೇಕೆಂದೇ ನಿಧಾನವಾಗಿ ಓದಿದರು: "ನೂಲನ್ನು ಮನೆಗೆ ಹೊಸದಾಗಿ ಬಂದವರೇ ತೆಗೆಯಲಿ. ಕಲಿತಂತಾಗುತ್ತದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾವ ರಸ್ತೆಯ ಕಡೆ ತಿರುಗಿ ಸುಮ್ಮಸುಮ್ಮನೆ ಕೆಮ್ಮಿದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು, ಬಿರಿದಿದ್ದರೆ ನಗುತ್ತಲೇ ಒಳಗೆ ಹೋಗುತ್ತಿದ್ದೆ. ಒಂದು ವರ್ಷಕ್ಕೆ ಅದೇ ಮೊದಲು ನಾನು ಕಾಗದದಲ್ಲಿ ಬಂದದ್ದು.

ನೂಲು ತೆಗೆಯುವುದು ನನಗೆ ಎಲ್ಲಿ ಬರಬೇಕು! ನಮ್ಮ ತವರಿನಲ್ಲಿ ಕುರಿ ಇರಲಿಲ್ಲ. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹಿಂಜಿ, ರಾಟೆಗೆ ಕೊಟ್ಟರೆ ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಅತ್ತೆ ಎಳೆ ಹಿಡಿದು ನೋಡಿ, "ಇದು ನೂಲೋ, ಕುರಿ ಕರುಳೋ?" ಎಂದರು. ಬಿಚ್ಚಿ ಮತ್ತೆ ತೆಗೆದೆ. ಬೆರಳ ತುದಿ ಸುಲಿಯಿತು. ಕೊನೆಗೆ ಅತ್ತೆಗೇ ಬೇಸರವಾಗಿ, "ಇರ್ಲಿ ಬಿಡು, ಹೊದ್ಕೊಳ್ಳಾವ ಅವನು. ಗಂಟು ಚುಚ್ಚಿದ್ರ ಕೇಳಿದ್ದು ಸಿಕ್ಕಂಗಾತು" ಎಂದರು. ಓಣಿಯುದ್ದಕ್ಕೂ ಹಾಸುನೂಲು ಬಿಗಿದು ಕಟ್ಟಿ, ಅತ್ತೆ ಕಾಯಿಸಿದ ಹುಣಸೆಬೀಜದ ಗಂಜಿಯನ್ನು ಕುಂಚದಲ್ಲಿ ಬಳಿದೆವು. ಮಾವ ಒಂಬತ್ತು ದಿನ ಮಗ್ಗದ ಗುಂಡಿಯಲ್ಲಿ ಕೂತರು. ಮಳೆ ಹಿಡಿಯುವ ಮೊದಲು ಕಪ್ಪು ಕಂಬಳಿಯೊಂದು ತಯಾರಾಯಿತು. ಹೊಸ ಕಂಬಳಿ ಎಂದರೆ ಹಲಗೆಯ ಹಾಗೆ, ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತದೆ. ಹೊದ್ದು ಹೊದ್ದು ಗಂಜಿ ಬಿಟ್ಟ ಮೇಲೆಯೇ ಮೆತ್ತಗಾಗುವುದು.

ಮಸ್ತಾನ್ ಸಾಬರ ಅಂಗಡಿಯಲ್ಲೇ ಪಾರ್ಸಲ್ ಕಟ್ಟಿದೆವು. ಬಿಳಿ ಬಟ್ಟೆ ಅವರದು, ಹೊಲಿಗೆ ನನ್ನದು. ಬಿಳಿ ದಾರ ಅರ್ಧಕ್ಕೆ ಮುಗಿದು ಉಳಿದದ್ದನ್ನು ಕೆಂಪು ದಾರದಲ್ಲಿ ಹೊಲಿದೆ. ವಿಳಾಸ ಬರೆಯಲು ಲೇಖನಿ ಅದ್ದಿ ಅವರು, "ಹೆಸರು ಹೇಳಮ್ಮ" ಎಂದರು. ನಾನು ನೆಲ ನೋಡಿದೆ. "ಹೇಳದಿದ್ರ ಯಾರಿಗೆ ಕಳಿಸ್ಲಿ? ನನ್ನ ಹೆಸರು ಬರಕೊಳ್ಳಲಾ? ನನಗೂ ಥಂಡಿ ಆಗತೈತಿ." ಕೊನೆಗೆ ಅತ್ತೆ ಹೇಳಿದರು. ಊರಿನ ಹೆಸರೇ ಇಲ್ಲದ ವಿಳಾಸ ಅದು. ಒಂದು ನಂಬರು, ಒಂದು ತುಕಡಿ, ಎಲ್ಲೋ ಒಂದು ಮಿಲಿಟ್ರಿ ಅಂಚೆ. ಅರಗಿನ ಮುದ್ರೆ ಒತ್ತಿಸಿ ಅಂಚೆಗೆ ಹಾಕಿ ಬಂದೆವು.

ಮಳೆ ಹಿಡಿಯಿತು. ಕಂಬಳಿ ಮುಟ್ಟಿದ್ದಕ್ಕೆ ಕಾಗದ ಬರಲಿಲ್ಲ. ಜ್ಯೇಷ್ಠ ಹೋಯಿತು, ಆಷಾಢ ಹೋಯಿತು. ಸಂತೆಗೆ ಹೋದಾಗಲೆಲ್ಲ ಮಸ್ತಾನ್ ಸಾಬರು ನಮ್ಮ ಬರಿಗೈ ನೋಡಿ, "ಬರತೈತಿ, ಫಿಕರ್ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಅತ್ತೆ ಆ ಎರಡು ತಿಂಗಳು ನನ್ನನ್ನು ಬೈಯಲೇ ಇಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಗಿತ್ತು.

ಶ್ರಾವಣದ ಒಂದು ಮಧ್ಯಾಹ್ನ. ಮಳೆ ನಿಂತು ಮಾಡಿನ ಹನಿ ಮಾತ್ರ ಸೋರುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅಂಚೆಯ ತಿಮ್ಮಣ್ಣ ಬಂದು, ಚೀಲದಿಂದ ಒಂದು ಗಂಟು ತೆಗೆದು ಕಟ್ಟೆಯ ಮೇಲಿಟ್ಟ.

"ಗಂಗವ್ವಾ, ಇದು ತಿರುಗಿ ಬಂದೈತಿ ನೋಡು."

ಬಿಳಿ ಬಟ್ಟೆ ಮಣ್ಣುಬಣ್ಣಕ್ಕೆ ತಿರುಗಿತ್ತು. ಅರ್ಧ ಕೆಂಪು ಹೊಲಿಗೆ. ಅತ್ತೆ ಅದನ್ನೇ ನೋಡುತ್ತ, "ಅವನು?" ಎಂದರು.

"ಅವಂದು ಏನೂ ಸುದ್ದಿ ಇಲ್ಲವ್ವ. ಇದೊಂದೇ ಬಂದೈತಿ."

ಮೊರ ಜಾರಿತು. ಅತ್ತೆ ಹಾಕಿದ ಕೂಗಿಗೆ ಕೆಂಚ ಬಾಲ ಮುದುರಿ ಓಡಿಹೋಯಿತು.

ಅದು ಯಾಕೆ ಎಂದು ಹೇಳಬೇಕು. ಆ ಕಡೆ ಕುರಿ ಸಾಕುವವರು ಮಳೆಗಾಲದಲ್ಲಿ ಮಂದೆ ಹೊಡೆದುಕೊಂಡು ದಾವಣಗೆರೆ ದಾಟಿ ಬಯಲುಸೀಮೆಗೆ ಹೋಗುತ್ತಾರೆ. ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಹೋದವನು ದಾರಿಯಲ್ಲಿ ತೀರಿಕೊಂಡರೆ ಅಲ್ಲೇ ಮಣ್ಣು ಮಾಡಿ, ಜೊತೆಯವರು ಅವನ ಕಂಬಳಿಯನ್ನು ಮಾತ್ರ ತಂದು ಮನೆಯ ಕಟ್ಟೆಯ ಮೇಲಿಡುತ್ತಿದ್ದರು. ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಮನುಷ್ಯ ಇಲ್ಲದೆ ಕಂಬಳಿ ಬಂತೆಂದರೆ ಅದೇ ಸುದ್ದಿ. ಅತ್ತೆಗೆ ನಮ್ಮವರಿಗಿಂತ ದೊಡ್ಡ ಮಗನೊಬ್ಬನಿದ್ದ, ಮಾಳಪ್ಪ. ಒಂಬತ್ತು ವರ್ಷದ ಹಿಂದೆ ಅವನ ಕಂಬಳಿ ಹೀಗೇ, ಇದೇ ಕಟ್ಟೆಗೆ ಬಂದಿತ್ತು. ಒಳಮನೆಯ ಗೂಟದಲ್ಲಿ ಅದನ್ನು ನೇತುಹಾಕಿದ್ದರು. ಯಾರೂ ಮುಟ್ಟುವ ಹಾಗಿರಲಿಲ್ಲ.

ಮಾವ ಹಿತ್ತಲಿನಿಂದ ಓಡಿಬಂದು ಗಂಟನ್ನು ತಿರುಗಿಸಿ ನೋಡಿದರು. ಮಸ್ತಾನ್ ಸಾಬರು ದುಂಡಗೆ ಬರೆದಿದ್ದ ವಿಳಾಸದ ಮೇಲೆ ಯಾರೋ ನೀಲಿ ಸೀಸದ ಕಡ್ಡಿಯಲ್ಲಿ ಉದ್ದಕ್ಕೆ ಗೀಟು ಎಳೆದಿದ್ದರು. ಪಕ್ಕದಲ್ಲಿ ಎರಡು ಮೂರು ಮುದ್ರೆ, ಇಂಗ್ಲಿಷಿನಲ್ಲಿ ಏನೋ ಗೀಚು. ಮಾವ ಆ ಗೀಟಿನ ಮೇಲೆ ಬೆರಳಿಟ್ಟರು. "ನಮ್ಮಪ್ಪ ಸತ್ತಾಗ ಶಾನುಭೋಗ್ರು ಖಾತೆ ಪುಸ್ತಕದಾಗ ಹೆಸರಿಗೆ ಹಿಂಗ ಗೀಟು ಹಾಕಿದ್ರು. ನಾ ಕಣ್ಣಾರೆ ನೋಡೀನಿ" ಎಂದು ಕಂಬಕ್ಕೆ ಒರಗಿದರು.

ಅಂಗಳ ತುಂಬಿತು. ಪಕ್ಕದ ಮನೆಯ ದ್ಯಾಮವ್ವ ಎಲ್ಲದಕ್ಕೂ ಮುಂದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಅತ್ತೆಯ ತಲೆಯನ್ನು ಎದೆಗೊರಗಿಸಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು ಬಂದು ನನ್ನ ಮುಂಗೈ ಹಿಡಿದಳು. ಏನು ಮಾಡಲು ಹಿಡಿದಳೆಂದು ನನಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಅವಳ ಇನ್ನೊಂದು ಕೈಯಲ್ಲಿ ಕಲ್ಲಿತ್ತು. ಮದುವೆಯಲ್ಲಿ ತೊಡಿಸಿದ ಹಸಿರು ಬಳೆಗಳು ಇನ್ನೂ ಹಾಗೇ ಇದ್ದವು.

ನಾನು ಕೈ ಕಿತ್ತುಕೊಂಡು, ಎರಡೂ ಕೈ ಕಂಕುಳಲ್ಲಿ ಸೇರಿಸಿ, ಏನೂ ತೋಚದೆ ಹೋಗಿ ಆ ಗಂಟಿನ ಮೇಲೆ ಕೂತುಬಿಟ್ಟೆ. ಈಗ ನೆನೆದರೆ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ.

"ಏಳವ್ವ" ಎಂದಳು ದ್ಯಾಮವ್ವ. "ಹಣೇಬರಕ್ಕ ಹಟ ಮಾಡಿದ್ರ ಹೆಂಗ?"

"ನಾನು ಏಳಾದಿಲ್ಲ. ಎಂತದೂ ಒಡೆಯಕ್ಕೆ ಬಿಡಾದಿಲ್ಲ."

ಕೂತಾಗಲೇ ನನಗೆ ತಿಳಿದದ್ದು. ಅಡಿಯಲ್ಲಿ ಹಲಗೆಯ ಮೇಲೆ ಕೂತ ಹಾಗಿತ್ತು. ಎರಡು ತಿಂಗಳು ಹೊದ್ದ ಕಂಬಳಿ ಹೀಗಿರುತ್ತದೆಯೇ? ಬಗ್ಗಿ ಹೊಲಿಗೆ ನೋಡಿದೆ. ನನ್ನದೇ ಹೊಲಿಗೆ, ಬಿಳಿ ಮುಗಿದು ಕೆಂಪು ಶುರುವಾಗುವ ಜಾಗದಲ್ಲಿ ನಾನು ಹಾಕಿದ್ದ ಜೋಡುಗಂಟೂ ಹಾಗೇ ಇತ್ತು. ಕುಡುಗೋಲು ತಂದು ಎಲ್ಲರ ಮುಂದೆ ಹೊಲಿಗೆ ಸೀಳಿದೆ. ಕಂಬಳಿ ಮಡಿಕೆ ಬಿಚ್ಚದೆ ಹೊರಬಂತು, ಅದರೊಂದಿಗೆ ಹುಣಸೆಬೀಜದ ಗಂಜಿಯ ವಾಸನೆಯೂ ಬಂತು. ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ.

"ಅತ್ತೆ, ಮೂಸಿ ನೋಡಿ."

ಅತ್ತೆ ಮುಖ ತಿರುಗಿಸಿದರು. "ಒಯ್ಯಿ ಅತ್ಲಾಗ. ನಾ ಮುಟ್ಟಂಗಿಲ್ಲ."

"ಒಂದ್ ಸಲ ಮೂಸಿ. ಆಮೇಲೆ ಬಳೆ ಒಡೀರಿ, ನಾನೇ ಕೈ ಕೊಡ್ತೀನಿ."

ಅತ್ತೆ ನನ್ನ ಮುಖ ನೋಡಿದರು. ನಿಧಾನವಾಗಿ ಕೈ ಚಾಚಿ ಕಂಬಳಿಯ ಅಂಚು ಹಿಡಿದರು. ಹೆಬ್ಬೆರಳಲ್ಲಿ ಉಜ್ಜಿದರು, ಮೂಗಿಗೆ ಹಿಡಿದರು. ಅಳು ಅಲ್ಲೇ ನಿಂತಿತು. ಎದ್ದು ಒಳಗೆ ಹೋದರು. ಬರುವಾಗ ಒಂಬತ್ತು ವರ್ಷ ಗೂಟ ಬಿಟ್ಟು ಇಳಿಯದ ಮಾಳಪ್ಪನ ಕಂಬಳಿ ಅವರ ಕೈಯಲ್ಲಿತ್ತು. ಎರಡನ್ನೂ ಕಟ್ಟೆಯ ಮೇಲೆ ಪಕ್ಕಪಕ್ಕ ಹಾಸಿದರು. ಹಳೆಯದು ನೀರು ಹರಿದ ಹಾಗೆ ಮೆತ್ತಗೆ ಬಿದ್ದಿತು, ಹೊಸದು ಮಡಿಕೆಯ ಗೆರೆ ಮುರಿಯದೆ ನೆಟ್ಟಗೆ ನಿಂತಿತು. ಅತ್ತೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಮೂಸಿದರು.

"ಇದು ಹೊದ್ದಿದ್ದು" ಎಂದು ಹಳೆಯದರ ಮೇಲೆ ಕೈಯಿಟ್ಟರು. "ಇದು ಹೊದ್ದಿಲ್ಲ. ನಾ ಬಳದ ಗಂಜಿ ಹಂಗೇ ಐತಿ. ನನ್ನ ಮಗನ ಮೈ ಇದಕ್ಕ ತಾಕೇ ಇಲ್ಲ." ಆಮೇಲೆ ದ್ಯಾಮವ್ವನ ಕಡೆ ತಿರುಗಿ ಅವರ ಎಂದಿನ ದನಿಯಲ್ಲೇ ಹೇಳಿದರು: "ಆ ಕಲ್ಲು ಬಿಸಾಕು."

ತಾಕದಿದ್ದರೆ ಬದುಕಿದ್ದಾನೆಂದೇ? ಹಾಗೇನೂ ಅಲ್ಲ ಎಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅದಕ್ಕೇ ಊಟಕ್ಕೂ ನಿಲ್ಲದೆ ಮೂವರೂ ಕಂಬಳಿ, ಆ ಮಣ್ಣುಬಣ್ಣದ ಬಟ್ಟೆ ತೆಗೆದುಕೊಂಡು ಶಿರಾಳಕೊಪ್ಪದ ದಾರಿ ಹಿಡಿದೆವು. ಕೆಸರಿನಲ್ಲಿ ಮಾವನ ಕೆರ ಕಿತ್ತುಹೋಯಿತು, ಅದನ್ನು ಬಿಟ್ಟೇ ನಡೆದರು.

ಮಸ್ತಾನ್ ಸಾಬರು ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಮುದ್ರೆಯನ್ನು ಬೆರಳಿಟ್ಟು ನೋಡಿದರು. ಎಷ್ಟು ಹೊತ್ತಾಯಿತೋ. ನಾನು ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಂತಿದ್ದೆ.

"ಬೀರಪ್ಪಾ, ಕುಂದ್ರು" ಎಂದರು. ಮಾವ ಕೂರಲಿಲ್ಲ. "ಅರೆ, ಕುಂದ್ರಪ್ಪಾ, ಕೆಟ್ಟದ್ದಲ್ಲ. ಗೀಟು ಅಡ್ರೆಸ್ಸಿಗೆ ಹಾಕ್ಯಾರ, ಮನುಷ್ಯಾಗ ಹಾಕಿಲ್ಲ. ಈ ತುಕಡಿ ಅಲ್ಲಿಂದ ಬ್ಯಾರೆ ಕಡಿ ಹೋಗೈತಿ, ಕಳಿಸಿದವರಿಗೆ ವಾಪಸ್ ಮಾಡ್ರಿ ಅಂತ ಬರದಾರ. ನಾ ಅಲ್ಲಿದ್ದು ಬಂದಾವ, ನನ್ನ ಮಾತು ಕೇಳು. ಆ ಸುದ್ದಿ ಆಗಿದ್ರ ಮಿಲಿಟ್ರಿಯಾಗ ತಂತಿ ಬರತೈತಿ. ಕಂಬಳಿ ಬರಂಗಿಲ್ಲ."

ಮಾವ ಆಗ ಕೂತರು. ಕೂತವರು ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಆ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಬಟ್ಟೆ ಚೂರುಗಳ ರಾಶಿಯ ಮೇಲೆ ಕೂತುಬಿಟ್ಟೆ. ಸಾಬರ ಹೆಂಡತಿ ಒಳಗಿನಿಂದ ಬೆಲ್ಲದ ಚಹಾ ತಂದು ಕೈಗೆ ಕೊಟ್ಟು, "ನಾನೂ ಹಿಂಗೇ ಕಾದಾಕಿ ತಂಗಿ. ಇವರು ಬರ್ಮಾದಾಗ ಇದ್ದಾಗ ಐದು ತಿಂಗಳು ಒಂದು ಚೀಟಿ ಇಲ್ಲ. ಬಂದು ನೋಡ್ತೀನಿ, ದಪ್ಪ ಆಗಿ ಬಂದಾರ!" ಎಂದರು. ಅತ್ತು ನಕ್ಕು ಎರಡೂ ಆಯಿತು.

ಅತ್ತೆ ಮಾತ್ರ ನಿಂತೇ ಇದ್ದರು. "ಹಂಗಾರ ಅವನು ಈಗ ಎಲ್ಲದಾನ?"

"ಅದು ಇದರಾಗ ಇಲ್ಲವ್ವ. ಕಾಗದ ಬರದು ಕೇಳೂಣು. ಪಾರ್ಸಲ್ ದೊಡ್ಡದು, ಹಿಂದಕ ಕಳಿಸ್ತಾರ. ಕಾಗದ ಆದ್ರ ತುಕಡಿ ಹಿಂದ ಹುಡುಕ್ಕೊಂಡು ಹೋಗತೈತಿ." ಸಾಬರು ಕಾಗದ ತೆಗೆದು ಲೇಖನಿ ಅದ್ದಿ, "ಹೇಳು ಬೀರಪ್ಪ, ಏನು ಬರೀಲಿ?" ಎಂದರು.

ಮಾವ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಎದ್ದೆ. "ಕೊಡಿ, ನಾನೇ ಬರೀತೀನಿ."

ಎಲ್ಲರೂ ನನ್ನನ್ನು ನೋಡಿದರು. ಅತ್ತೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನಿನಗ ಬರತೈತಾ?"

"ಬರ್ತದೆ. ನಾಲ್ಕನೇ ಇಯತ್ತೆ ಆಗಿದೆ."

"ಒಂದು ವರ್ಷದಿಂದ ಎರಡು ಹರದಾರಿ ನಡಸೀಯಲ್ಲ ನಮ್ಮನ್ನ! ಮೊಣಕಾಲು ಹೋತಲ್ಲ ನಂದು!" ಅತ್ತೆಯ ಬೈಗುಳ ತಿರುಗಿ ಬಂದಿತ್ತು. ಅದನ್ನು ಕೇಳಿ ಎಷ್ಟು ಹಿತವಾಯಿತೆಂದರೆ, ಇನ್ನೂ ಸ್ವಲ್ಪ ಬೈಯಲಿ ಎನ್ನಿಸಿತು.

ಸಿದ್ದಪ್ಪ ಎಂದು ಮೇಲೆ ಬರೆದೆ. ಕಂಬಳಿ ವಾಪಸು ಬಂದಿದೆ. ಇಲ್ಲಿ ನಿಮ್ಮ ತಾಯಿ, ತಂದೆ ತುಂಬಾ ಹೆದರಿದರು. ನಾನೂ ಹೆದರಿದೆ. ನೀವು ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಮೊದಲನೆಯ ಸಾಲಿನಲ್ಲೇ ಬರೆಯಿರಿ. ನಮಸ್ಕಾರಗಳೆಲ್ಲ ಆಮೇಲೆ ಇರಲಿ. ಇದನ್ನು ಬರೆಯುತ್ತಿರುವವಳು ನೀಲಮ್ಮ. ಅಷ್ಟೇ ಬರೆದೆ. ಬೇರೆ ಬರೆಯಲು ಬಹಳ ಇತ್ತು, ಎದುರಿಗೆ ಅಷ್ಟು ಜನ ಇದ್ದರು.

ಹೊರಡುವಾಗ ಮಾವ ಕಂಬಳಿ ಎತ್ತಿಕೊಂಡರು. ಅತ್ತೆ ತಡೆದರು. "ಅದು ಇಲ್ಲೇ ಇರ್ಲಿ. ತಾನಾಗೇ ಬಂದ ಕಂಬಳಿ ಮನಿ ಹೊಸ್ತಿಲು ದಾಟಬಾರದು. ಅವನೇ ಬಂದು, ಅವನ ಮೈಮ್ಯಾಲೆ ಹಾಕ್ಕೊಂಡು ಒಳಗ ತರ್ಲಿ. ಅಲ್ಲೀತನಕ ಇಲ್ಲೇ." ಹಾಗೊಂದು ಪದ್ಧತಿ ಮೊದಲು ಇರಲಿಲ್ಲ. ಅತ್ತೆ ಅಲ್ಲೇ, ಆಗಲೇ ಮಾಡಿದರು. ಮಸ್ತಾನ್ ಸಾಬರು ವಾದಿಸಲಿಲ್ಲ. ಗೋಡೆಗೊಂದು ಗೂಟ ಹೊಡೆದು ನೇತುಹಾಕಿ, ಮಡಿಕೆಯಲ್ಲಿ ಬೇವಿನಸೊಪ್ಪು ಇಟ್ಟರು.

ಮುಂದಿನ ಐದಾರು ವಾರ ಕಾದೆವು. ಸಾಬರ ಮಾತಿನ ಮೇಲೆ ಭರವಸೆ ಇತ್ತು. ಆದರೆ ಹಗಲಿಗೊಂದು ಸಲವಾದರೂ ಆ ನೀಲಿ ಗೀಟು ಕಣ್ಣ ಮುಂದೆ ಬರುತ್ತಿತ್ತು. ಸಂತೆಗೆ ಹೋದಾಗ ಕಂಬಳಿ ಮುಟ್ಟಿ ನೋಡಿ ಬರುತ್ತಿದ್ದೆ. ಅತ್ತೆ ಕಾಳು ಕೊಳ್ಳುವ ನೆವದಲ್ಲಿ ಹೋಗಿ ಮೂಸಿ ಬರುತ್ತಿದ್ದರು. ಯಾರೋ ಗಿರಾಕಿ ಅದನ್ನು ಕೇಳಿದನಂತೆ. "ಅದು ಮಿಲಿಟ್ರಿ ಮಾಲು, ಮುಟ್ಟಬ್ಯಾಡ" ಎಂದು ಸಾಬರು ಗದರಿಸಿ ಕಳಿಸಿದರಂತೆ.

ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ವಾರ, ತಿಮ್ಮಣ್ಣ ಊರ ಬಾಗಿಲಿನಿಂದಲೇ ಕೈ ಎತ್ತಿ ಕಾಗದ ಆಡಿಸುತ್ತ ಬಂದ. ಕಟ್ಟೆಗೆ ಬಂದವನು ಮಾವನ ಕೈಗೆ ಕೊಡಲು ಹೋಗಿ, ತಡೆದು, ನನಗೆ ಕೊಟ್ಟ. ಅತ್ತೆ, ಮಾವ, ದ್ಯಾಮವ್ವ ಸುತ್ತ ನಿಂತರು. ಅಂಚು ಹರಿದು ಬಿಚ್ಚಿದೆ. ಮೊದಲ ಸಾಲು ನೋಡಿ ಕಾಗದವನ್ನು ಮಡಿಚಿಕೊಂಡೆ.

"ಏನಂತ? ಓದಾ!" ಎಂದರು ಅತ್ತೆ.

ಓದದೆ ವಿಧಿಯಿರಲಿಲ್ಲ. ಅತ್ತೆ ಮಾವನ ಮುಂದೆ, ತಲೆ ಬಗ್ಗಿಸಿಕೊಂಡು ಓದಿದೆ: "ನೀಲಾ, ಬದುಕಿದ್ದೇನೆ."

"ಮತ್ತೊಮ್ಮೆ ಓದು."

ಓದಿದೆ. ಮೂರನೆಯ ಸಲವೂ ಓದಿಸಿದರು. ನಾಚಿಕೆ ಎಲ್ಲಿಗೋ ಹೋಗಿತ್ತು, ಮೂರನೆಯ ಸಲ ಓಣಿಗೆಲ್ಲ ಕೇಳುವ ಹಾಗೆ ಓದಿದೆ. ತುಕಡಿಯನ್ನು ಒಂದೇ ದಿನದಲ್ಲಿ ಇನ್ನೂ ಮೇಲಿನ ಗುಡ್ಡಕ್ಕೆ ಕಳಿಸಿದರಂತೆ, ಅಲ್ಲಿಂದ ಕಾಗದ ಇಳಿಯಲು ದಾರಿಯೇ ಇರಲಿಲ್ಲವಂತೆ. ಆಮೇಲೆ ಸಾಷ್ಟಾಂಗಗಳು, ನಮಸ್ಕಾರಗಳು, ಕೊನೆಯಲ್ಲಿ ಕೆಂಚ. ಆ ದಿನ ಕೆಂಚನಿಗೆ ನಾನೇ ಮುದ್ದೆಯ ಮೇಲೆ ತುಪ್ಪ ಹಾಕಿ ಕೊಟ್ಟೆ.

ರಜೆ ಸಿಕ್ಕಿದ್ದು ಮುಂದಿನ ಚೈತ್ರಕ್ಕೆ. ಬರುವ ದಿನ ಗೊತ್ತಿತ್ತು, ಬೆಳಗ್ಗೆಯೇ ಹೋಗಿ ಮಸ್ತಾನ್ ಸಾಬರ ಅಂಗಡಿಯಲ್ಲಿ ಕೂತೆವು. ಶಿಕಾರಿಪುರದ ಕಡೆಯಿಂದ ಬಸ್ಸು ಬಂತು. ಖಾಕಿ ಅಂಗಿಯ ಕಪ್ಪಗಿನ ಮನುಷ್ಯನೊಬ್ಬ ಪೆಟ್ಟಿಗೆ ಇಳಿಸಿಕೊಂಡ. ನೋಡಿದ ತಕ್ಷಣ ಗುರುತು ಹತ್ತಿತು, ಅದೇ ದೊಡ್ಡ ಸಮಾಧಾನ. ಕಾಲಿಗೆ ಬೀಳಲು ಬಗ್ಗಿದ ಮಗನನ್ನು ಅತ್ತೆ ತಬ್ಬಿಕೊಳ್ಳಲಿಲ್ಲ, ಮುಟ್ಟಲೂ ಇಲ್ಲ. ಗೂಟದಿಂದ ಕಂಬಳಿ ತೆಗೆದು, "ಮೊದ್ಲು ಹೊದ್ಕೊ" ಎಂದರು.

"ಈ ಬಿಸಿಲಾಗ?"

"ಮನೀತನಕ. ಎಲ್ಲೂ ತೆಗೀಬಾರದು."

ಅವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮಸ್ತಾನ್ ಸಾಬರು ನಗು ತಡೆಯಲಾರದೆ, "ಹುಕುಂ ಅಂದ್ರ ಹುಕುಂ, ಜವಾನ್!" ಎಂದು ಸೆಲ್ಯೂಟ್ ಹೊಡೆದರು.

ಚೈತ್ರದ ನಡುಹಗಲು, ಎರಡು ಹರದಾರಿ, ಮೈಮೇಲೆ ಹಲಗೆಯಂಥ ಕರಿ ಕಂಬಳಿ. ಎದುರಿಗೆ ಬಂದವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಒಬ್ಬ, "ಚಳಿಜ್ವರೇನ್ರಿ?" ಎಂದು ಕೇಳಿದ. ಮಾವ ಪೆಟ್ಟಿಗೆ ಹೊತ್ತು ಮುಂದೆ, ಅತ್ತೆ ಅವರ ಹಿಂದೆ, ನಾವಿಬ್ಬರು ಕೊನೆಗೆ. ಅರ್ಧ ದಾರಿಗೆ ಅವರ ಹಣೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೆರಳಿಂದ ಕಂಬಳಿಯ ಒಂದು ಗಂಟು ಹಿಡಿದು ಮೆಲ್ಲಗೆ, "ಇದು ನಿಂದಾ?" ಎಂದರು.

"ಹೂಂ. ಎಲ್ಲಾ ಗಂಟೂ ನಂದೇ."

"ಚೊಲೊ ಚುಚ್ಚತಾವ" ಎಂದು ನಕ್ಕರು.

ಊರ ಬಾಗಿಲಲ್ಲಿ ದ್ಯಾಮವ್ವ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ನನ್ನ ಬಳೆ ನೋಡಿ ತಲೆ ತಗ್ಗಿಸಿದಳು. ಅವಳ ಮೇಲಿನ ಸಿಟ್ಟನ್ನು ನಾನು ಎಂದೋ ಬಿಟ್ಟಿದ್ದೆ.

ನಮ್ಮ ಹೊಸ್ತಿಲ ಮುಂದೆ ಅತ್ತೆ ಮಗನನ್ನು ನಿಲ್ಲಿಸಿದರು. ಕಂಬಳಿ ಬೆವರಿಗೆ ಒದ್ದೆಯಾಗಿ, ಬಿಗಿ ಕಳೆದುಕೊಂಡು, ಹೆಗಲ ಮೇಲೆ ಮೆತ್ತಗೆ ಇಳಿಬಿದ್ದಿತ್ತು. ಅತ್ತೆ ಹತ್ತಿರ ಬಂದು ಅದರ ಅಂಚು ಹಿಡಿದು, ಹೆಬ್ಬೆರಳಲ್ಲಿ ಉಜ್ಜಿ, ಮುಖಕ್ಕೆ ಒತ್ತಿಕೊಂಡು ಮೂಸಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಮುಖ ಎತ್ತಿದರು.

"ನನ್ನ ಗಂಜಿ ವಾಸನಿ ಹೋತು" ಎಂದರು. "ಈಗ ಬಾ ಒಳಗ."